ತಹಶೀಲ್ದಾರರ ಗ್ರೈಂಡರಿಗೆ ಕುಂಕುಮ

ನಂಬದಿದ್ದರೆ ಬಿಡಿ, ನಿಮ್ಮ ಹಣೆಬರಹ! ಒಬ್ಬ ತಹಶೀಲ್ದಾರರನ್ನು ಅವರದೇ ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಡುಗಿಸಿದ ಗಂಡು ನಾನೇ.

ನಿವೃತ್ತ ತಹಶೀಲ್ದಾರ್ ಶಿವನಂಜಪ್ಪನವರ ಮನೆಗೆ ನಾನು ಟ್ರಿಪ್ ಸ್ವಿಚ್ ಹಾಕಿದ್ದೆ. ಕರೆಂಟು ಸೋರಿದರೆ ತಾನೇ ಬಿದ್ದು, ಲೈನ್ ಕಡಿದು ಜೀವ ಉಳಿಸುವಂಥದ್ದು. ಅದು ದಿನಾ ಬೀಳತೊಡಗಿತು. ಹೋಗಿ ಎಲ್ಲ ಪ್ಲಗ್ ಕಿತ್ತು, ಒಂದೊಂದೇ ಚುಚ್ಚಿ ನೋಡಿದೆ. ಗ್ರೈಂಡರ್ ಚುಚ್ಚಿದೊಡನೆ ಬಿತ್ತು. ದಿನಾ ಬಿಂದಿಗೆಗಟ್ಟಲೆ ನೀರು ಸುರಿದು ತೊಳೆದು, ಮೋಟಾರಿಗೇ ನೀರಿಳಿದಿತ್ತು.

“ಇಪ್ಪತ್ತು ವರ್ಷದ ಗ್ರೈಂಡರಿಗೆ ದೋಷ ಹೇಳ್ತೀಯೇನೋ? ನಿನ್ನ ಸ್ವಿಚ್ಚೇ ಸರಿಯಿಲ್ಲ. ಕಿತ್ತು ಡೈರೆಕ್ಟ್ ಕೊಡು!” ಎಂದು ತಹಶೀಲ್ದಾರರು ಗುಡುಗಿದರು.

“ರುಬ್ಬೋ ದೇವೀರಮ್ಮಂಗೆ ಶಾಕ್ ಹೊಡೆದ್ರೆ?”

“ಅವಳಿಗೆ ಅಭ್ಯಾಸ ಆಗಿದೆ.”

ನನ್ನ ಮೈ ಉರಿದುಹೋಯಿತು. ಅಡುಗೆಯವಳ ಜೀವ ಏನು ಹುಣಸೆಬೀಜವೇ? ಆದರೂ ತುಟಿ ಕಚ್ಚಿಕೊಂಡು ಸ್ಟೂಲು ಹತ್ತಿದೆ, ಸ್ಕ್ರೂಡ್ರೈವರ್ ಕಟಕಟ ಆಡಿಸಿ ಇಳಿದೆ.

“ಆಯ್ತು ಸ್ವಾಮಿ, ಡೈರೆಕ್ಟು. ಆಯುಧಪೂಜೆ ಥರ ಯಜಮಾನ್ರೇ ಕುಂಕುಮ ಇಟ್ಟು ಶುರು ಮಾಡ್ಬೇಕು. ಚಪ್ಪಲಿ ಬಿಟ್ಟು ಈ ಒದ್ದೆ ನೆಲದಲ್ಲಿ ನಿಂತ್ಕೊಂಡು ಗ್ರೈಂಡರ್ ಮೇಲೆ ಕೈ ಇಡಿ. ನಾನು ಸ್ವಿಚ್ ಒತ್ತುತೀನಿ.”

ಅವರು ಚಪ್ಪಲಿ ಬಿಟ್ಟು ಕುಂಕುಮದ ಬೆರಳು ಚಾಚಿದವರು, ಗ್ರೈಂಡರ್ ಮುಟ್ಟದೆ ಹಿಂದಕ್ಕೆಳೆದುಕೊಂಡರು. “ದೇವೀರಮ್ಮನೇ ಇಡಲಿ.”

“ಯಜಮಾನ್ರು ನೀವಲ್ವಾ ಬುದ್ಧಿ?” ಅಂದಳು ದೇವೀರಮ್ಮ.

“ಮುಠ್ಠಾಳ, ವಾಪಸ್ ಹಾಕೋ ಆ ಟ್ರಿಪ್ ಸ್ವಿಚ್ಚನ್ನ!” ಎಂದು ಅವರು ನನ್ನ ಮೇಲೆ ಕಿರುಚಿದರು.

“ಕಿತ್ತಿದ್ರೆ ತಾನೇ ಹಾಕೋಕೆ? ಅಲ್ಲೇ ಇದೆ ಸ್ವಾಮಿ,” ಅಂದೆ.

ಗ್ರೈಂಡರ್ ಅಂದೇ ರಿಪೇರಿಗೆ ಹೋಯಿತು. ದೇವೀರಮ್ಮ ನನಗೆ ಎರಡು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟಳು.