ದೋಣಿಯಲ್ಲಿ ತಪ್ಪು ಹುಡುಕಿದವರು

ಹೊನ್ನಾವರದ ದೇವು ಮೇಸ್ತ ಬಟ್ಟೆ ಹೊಲಿಯುವವನು. ಭಾನುವಾರ ಬಂತೆಂದರೆ ಅಂಗಡಿ ಮುಚ್ಚಿ, ತನ್ನ ಪುಟ್ಟ ದೋಣಿಯಲ್ಲಿ ಶರಾವತಿ ಹೊಳೆಯ ಮೇಲೆ ಸುಮ್ಮನೆ ತಿರುಗುತ್ತಿದ್ದ. ಮಂಗಳೂರಿನಲ್ಲಿ ದೋಣಿಗಳ ಪ್ರದರ್ಶನವೆಂದು ಕೇಳಿದ್ದೇ ತಡ, ಹೆಂಡತಿ ನೀಲಾವತಿಯನ್ನೂ ಕರೆದುಕೊಂಡು ಬೆಳಗಿನ ಬಸ್ಸು ಹತ್ತಿದ.

ಅಲ್ಲಿ ಮನೆಯಷ್ಟು ದೊಡ್ಡದೊಂದು ಬಿಳಿ ದೋಣಿ ನಿಂತಿತ್ತು. ಒಳಗೊಮ್ಮೆ ನೋಡಬೇಕೆಂದು ಇಬ್ಬರಿಗೂ ಆಸೆ. ಮೆಟ್ಟಿಲ ಬಳಿಯಿದ್ದ ಮ್ಯಾನೇಜರ್ ಅವರ ಹವಾಯಿ ಚಪ್ಪಲಿ ನೋಡಿಯೇ ಕೈ ಅಡ್ಡ ಹಿಡಿದ.

“ಕೊಳ್ಳುವವರಿಗೆ ಮಾತ್ರ. ದೋಣಿಯ ಬಗ್ಗೆ ನಿಮಗೇನು ಗೊತ್ತು?”

“ಹತ್ತು ವರ್ಷದಿಂದ ಹುಟ್ಟು ಹಾಕ್ತಿದ್ದೇನೆ ಸರ್. ಯಾವ ದೋಣಿಯಲ್ಲೂ ಏನಾದರೊಂದು ತಪ್ಪು ಇದ್ದೇ ಇರ್ತದೆ.”

ಸುತ್ತ ಜನ ಸೇರಿದರು. ಮ್ಯಾನೇಜರನಿಗೆ ರೇಗಿತು. “ಇದರಲ್ಲಿ ಒಂದೇ ಒಂದು ತಪ್ಪು ತೋರಿಸಿ, ನೋಡೋಣ!”

“ಹೊರಗೆ ನಿಂತು ಹೇಗೆ ತೋರಿಸಲಿ? ಇವಳೂ ಬರಲಿ ಸರ್. ತಪ್ಪು ಹುಡುಕೋದರಲ್ಲಿ ನನಗಿಂತ ಹುಷಾರು.”

ಜನ ಗೊಳ್ಳೆಂದು ನಕ್ಕರು. ಮ್ಯಾನೇಜರ್ ದಾರಿ ಬಿಡಲೇಬೇಕಾಯಿತು.

ಗಂಡ ಹೆಂಡತಿ ಮುಕ್ಕಾಲು ಗಂಟೆ ಹುಡುಕಿದರು. ದೇವು ಚುಕ್ಕಾಣಿ ಹಿಡಿದು ಕೂತ. ನೀಲಾವತಿ ಮೆತ್ತನೆಯ ಹಾಸಿಗೆಯ ಮೇಲೆ ಒರಗಿ, ಕಿಟಕಿಯಿಂದ ನೀರು ನೋಡಿದಳು. ಅತಿಥಿಗಳಿಗೆಂದು ಇಟ್ಟಿದ್ದ ಗೋಡಂಬಿಯನ್ನೂ ಇಬ್ಬರೂ ಚೆನ್ನಾಗಿ ಪರೀಕ್ಷಿಸಿದರು.

ಇಳಿದು ಬಂದ ದೇವು ಕೈ ಮುಗಿದ. “ಸೋತೆ ಸರ್. ಒಂದು ತಪ್ಪೂ ಸಿಗಲಿಲ್ಲ.”

“ಕೇಳಿದಿರಾ ಎಲ್ಲರೂ?” ಮ್ಯಾನೇಜರ್ ಎದೆಯುಬ್ಬಿಸಿ ಜನರತ್ತ ತಿರುಗಿದ.

ಎಲ್ಲರೂ ಕೇಳಿಸಿಕೊಂಡಿದ್ದರು. ಮೆಟ್ಟಿಲ ಬಳಿ ಆಗಲೇ ಉದ್ದನೆಯ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದಿದ್ದ ಅಜ್ಜಿಯೊಬ್ಬಳು ಸೆರಗು ಸಿಕ್ಕಿಸಿಕೊಂಡು ಹೇಳಿದಳು: “ಅವರಿಗೆ ಸಿಗದಿದ್ರೆ ಏನಾಯ್ತು? ದಾರಿ ಬಿಡಿ ಮಾರಾಯ್ರೆ, ನಾನೊಮ್ಮೆ ಹುಡುಕ್ತೇನೆ.”