ಎಡಬಾಗಿಲಿನ ಗಾಜು

ಮಲಪ್ರಭೆಯ ದಂಡೆಯ ಮೇಲೊಂದು ಮಠ. ಮಠ ಅಂದರೆ ದೊಡ್ಡದೇನಲ್ಲ. ನಾಲ್ಕು ಕೋಣೆ, ಒಂದು ಬೇವಿನ ಮರ, ಹೊಳೆಗೆ ಇಳಿಯಲು ಮೆಟ್ಟಿಲು. ಅಲ್ಲಿದ್ದ ಮುದಿ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು.

ಆ ಅಜ್ಜನ ಹತ್ತಿರ ಸಂಗಮನಾಥ ಶಿಷ್ಯನಾಗಿ ಬಂದ. ವಯಸ್ಸು ಐವತ್ತು ದಾಟಿತ್ತು. ಮನೆ ಬಿಟ್ಟೆ, ವ್ಯವಹಾರ ಬಿಟ್ಟೆ, ಎಲ್ಲ ಬಿಟ್ಟೆ ಎಂದ. ಅವನ ಹಿಂದೆಯೇ ಒಂದು ಲಾರಿ ಬಂತು. ಲಾರಿಯ ಮೇಲೆ ಎರಡೇ ಸೀಟಿನ ಕೆಂಪು ಕಾರು, ಹಳೇ ಕಾಲದ ಸ್ಪೋರ್ಟ್ಸ್ ಕಾರು.

"ಎಲ್ಲಾ ಬಿಟ್ಟು ಬಂದೋರು ಇಷ್ಟ್ ದೊಡ್ಡ ಗಂಟು ತಂದಾರಲ್ರೀ ಅಜ್ಜಾರ" ಎಂದಳು ಅಡುಗೆಯ ಫಕೀರವ್ವ.

ಅಜ್ಜ ನಕ್ಕರು. "ಬೇವಿನ ಗಿಡದ ನೆರಳಾಗ ಇಳಸ್ರಿ" ಎಂದರು.

ಕಾರಿನ ಸುತ್ತ ಒಂದು ಸುತ್ತು ಬಂದು ಕೇಳಿದರು. "ಛಲೋನ ಐತಲ್ಲೋ ತಮ್ಮಾ. ಏನಾಗೈತಿ ಇದಕ್ಕ?"

"ಎಡಬಾಗಲದ ಗ್ಲಾಸು ಬಾಗಲದಾಗ ಬಿದ್ದೈತ್ರಿ. ಮ್ಯಾಲೆ ಬರವಲ್ದು. ಉಳದಿದ್ದೆಲ್ಲಾ ಮುಗದೈತಿ."

"ಯಾರು ಮುಗಸಿದ್ದು?"

"ನಾನು, ನನ್ನ ಮಗಳು."

"ಮಗಳೆಲ್ಲಿ?"

ಸಂಗಮನಾಥ ಹೊಳೆಯ ಕಡೆ ನೋಡಿದ.

ಮಗಳ ಹೆಸರು ನೀಲಾಂಬಿಕೆ. ಅಪ್ಪ ಗುಜರಿಯಿಂದ ಆ ಕಾರನ್ನು ತಂದಾಗ ಅವಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಕೈಯೆಲ್ಲ ಗ್ರೀಸು ಮಾಡಿಕೊಂಡು ಅಪ್ಪನ ಜೊತೆಗೇ ಬೆಳೆದಳು. ಎಡಗಡೆ ಸೀಟು ನನ್ನದು, ಆ ಬಾಗಿಲಿನ ಗಾಜು ಕಡೆಗಿರಲಿ, ಅದು ಕೂತ ದಿನ ಇಬ್ಬರೂ ಹೊರಡೋಣ ಎಂದಿದ್ದಳು.

ಜ್ವರ ಬಂತು. ಡೆಂಗಿ ಎಂದರು. ವಾರ ತುಂಬುವುದರೊಳಗೆ ಹುಡುಗಿ ಇರಲಿಲ್ಲ. ಯಾರನ್ನಾದರೂ ಬೈಯೋಣವೆಂದರೆ ಬೈಯುವುದಕ್ಕೂ ಯಾರೂ ಸಿಗಲಿಲ್ಲ. ಅದೇ ಸಂಗಮನಾಥನನ್ನು ಒಳಗೊಳಗೇ ಕೊಲ್ಲುತ್ತಿತ್ತು.

"ಅಜ್ಜಾರ, ಇದನ್ನ ತಡಕೊಳ್ಳೂ ಹಂಗ ಏನರ ಒಂದು ಮಂತ್ರಾ ಹೇಳ್ರಿ" ಎಂದು ಕಾಲು ಹಿಡಿದ.

"ಮೊದಲ ಆ ಗ್ಲಾಸ್ ಕೂಡಸು. ಆಮ್ಯಾಲೆ ನೋಡೂಣು."

ಬಂದವನಿಗೆ ಜಪ ಇಲ್ಲ, ಧ್ಯಾನ ಇಲ್ಲ, ಸ್ಪೋರ್ಟ್ಸ್ ಕಾರಿನ ಗಾಜು! ಬೇರೆ ಯಾರಾದರೂ ಆಗಿದ್ದರೆ ಮುಖ ಗಂಟು ಹಾಕಿಕೊಂಡು ಹೊರಟುಹೋಗುತ್ತಿದ್ದರು. ಸಂಗಮನಾಥ ಮರುಮಾತಾಡದೆ ಬೋಲ್ಟು ಬಿಗಿಯುವ ಪಾನಾ ಎತ್ತಿಕೊಂಡ.

ಬಾಗಿಲಿನ ಒಳಗಿನ ಹೊದಿಕೆ ಬಿಚ್ಚಿದ. ಆ ಕತ್ತಲ ಸಂದಿಯಲ್ಲಿ ತೋಳುದ್ದ ಕೈ ತೂರಿಸಿದ. ಗಾಜನ್ನು ಮೇಲಕ್ಕೆ ತಳ್ಳಿ, ಬೀಳದಂತೆ ಒಂದು ಮರದ ಚಕ್ಕೆ ಸಿಕ್ಕಿಸಿ, ತಡಕಾಡಿ ಬೋಲ್ಟು ಬಿಗಿದ. ಹ್ಯಾಂಡಲ್ ತಿರುಗಿಸಿದ. ಗಾಜು ಅರ್ಧಕ್ಕೆ ಬಂದು ಸೊಟ್ಟಗೆ ನಿಂತಿತು.

ಬಿಚ್ಚಿದ. ಮತ್ತೆ ಬಿಗಿದ. ಮತ್ತೆ ಅರ್ಧಕ್ಕೇ ನಿಂತಿತು.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ತಗಡಿನ ಅಂಚು ಕೊಯ್ದು ಮೊಣಕೈ ತುಂಬ ಗೀರು. ಒಂದು ದಿನ ಚಕ್ಕೆ ಜಾರಿ ಗಾಜು ಧಡ್ ಎಂದು ಒಳಗೆ ಬಿತ್ತು. ಪುಣ್ಯಕ್ಕೆ ಒಡೆಯಲಿಲ್ಲ. ಅಂಥ ಗಾಜು ಇನ್ನೊಂದು ಸಿಗುವಂತಿರಲಿಲ್ಲ. ಒಡೆದರೆ ಮುಗಿಯಿತು.

ಫಕೀರವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿ ಬಂದಳು. "ಒಬ್ಬರ ಕೈಲೆ ಆಗೂ ಕೆಲಸ ಅಲ್ಲ ಅದು. ಸರೀರಿ, ನಾ ಹಿಡಕೋತೀನಿ."

"ಬ್ಯಾಡ!"

ಅವನು ಹಾಗೆ ಕಿರುಚಿದ್ದನ್ನು ಮಠದಲ್ಲಿ ಯಾರೂ ಕೇಳಿರಲಿಲ್ಲ. ಫಕೀರವ್ವ ಹಿಟ್ಟಿನ ಕೈಯಲ್ಲೇ ಹಿಂದಕ್ಕೆ ಹೋದಳು. ಆ ಹೊತ್ತು ಸಂಗಮನಾಥ ಊಟಕ್ಕೆ ಬರಲಿಲ್ಲ.

ಅಜ್ಜ ಅವನನ್ನು ಹುಡುಕಿಕೊಂಡು ಹೋದರು. ಅವನು ಕಾರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಅಜ್ಜನೂ ಪಕ್ಕದಲ್ಲಿ ಕೂತರು.

"ಇಬ್ಬರು ಇರಬೇಕೇನು ಈ ಕೆಲಸಕ್ಕ?"

"ಹೌದ್ರಿ. ಹೊರಗ ನಿಂತು ಒಬ್ಬರು ಎರಡೂ ಅಂಗೈಲೆ ಗ್ಲಾಸ್ ಹಿಡೀಬೇಕು. ಇನ್ನೊಬ್ಬರು ಒಳಗ ಬೋಲ್ಟ್ ಬಿಗೀಬೇಕು."

"ಗೊತ್ತಿದ್ದೂ ಚಕ್ಕಿ ಸಿಗಸ್ತೀಯಲ್ಲ."

"ಹೊರಗ ನಿಂದ್ರೂ ಜಾಗಾ ಆಕಿದು, ಅಜ್ಜಾರ. ಅಲ್ಲಿ ಬ್ಯಾರೆ ಯಾರರ ನಿಂತ್ರ ನನ್ನ ಕಣ್ಣಿಗೆ ನೋಡಾಕ ಆಗೂದಿಲ್ಲ."

ಅಜ್ಜ ಕೆಳಗೆ ಬಿದ್ದಿದ್ದ ಚಕ್ಕೆಯನ್ನು ಎತ್ತಿ ಪಕ್ಕಕ್ಕಿಟ್ಟರು.

"ಇನ್ನೊಂದು ಹೇಳಲೇನ್ರಿ? ಇದು ಮುಗದ ದಿನ ನನ್ನ ಬದುಕೂ ಮುಗೀತು. ಆಕಿ ಕೂಡ ಮಾಡೂ ಕೆಲಸ ಇದೊಂದು ಉಳದೈತಿ. ಇದಾದ ಮ್ಯಾಲೆ ಯಾಕ ಏಳಬೇಕು, ಯಾಕ ಉಣಬೇಕು, ನನಗ ತಿಳೀವಲ್ದು."

"ಮುಗೀದಿದ್ರ?"

"ಅದನ್ನೂ ತಡಕೊಳ್ಳಾಕ ಆಗವಲ್ದು."

ಇಷ್ಟು ಹೇಳಿ ಸಂಗಮನಾಥ ಕಾದ. ಗುರುವಾದವರು ಈಗಲಾದರೂ ಏನಾದರೂ ಹೇಳಿಯಾರು ಎಂದು ಆಸೆಪಟ್ಟ. ಆತ್ಮಕ್ಕೆ ಸಾವಿಲ್ಲ ಎಂದೋ, ಎಲ್ಲ ಶಿವನಿಚ್ಛೆ ಎಂದೋ. ಹಾಗೆ ಅಂದಿದ್ದರೆ ಎದ್ದು ಹೋಗಿಬಿಡುತ್ತಿದ್ದನೇನೋ.

ಅಜ್ಜ ಅಂಥದ್ದೇನೂ ಹೇಳಲಿಲ್ಲ. ಮೊಣಕಾಲಿನ ಮೇಲೆ ಕೈ ಊರಿ ಎದ್ದರು. ಕಾವಿಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಎಡಬಾಗಿಲಿನ ಹೊರಗೆ ಹೋಗಿ ನಿಂತರು. ಒಂದು ಕೈಯನ್ನು ಬಾಗಿಲಿನ ಸಂದಿಗೆ ಇಳಿಸಿ ಗಾಜಿನ ಅಂಚನ್ನು ಹುಡುಕಿ ಮೇಲಕ್ಕೆಳೆದು, ಎರಡೂ ಅಂಗೈಯಲ್ಲಿ ಹಿಡಿದುಕೊಂಡರು.

"ಅಜ್ಜಾರ, ಬಿಡ್ರಿ."

"ನನ್ನ ಕೈ ನಡಗತಾವು. ಬಿದ್ರ ಒಡೀತೈತಿ, ನೀ ಬಿಗಿ."

"ಬಿಡ್ರಿ ಅಂದೆನಲ್ಲ!"

"ಬಿಡೂದಿಲ್ಲ."

ಮುದಿ ಕೈಗಳು ನಿಜವಾಗಿಯೂ ನಡುಗುತ್ತಿದ್ದವು. ಅವುಗಳ ಜೊತೆ ಗಾಜೂ ನಡುಗುತ್ತಿತ್ತು. ಸಂಗಮನಾಥನಿಗೆ ಸಿಟ್ಟು ಬಂತು, ಹೆದರಿಕೆಯೂ ಬಂತು. ಹಲ್ಲು ಕಚ್ಚಿ ಪಾನಾ ಹಿಡಿದು ಬಾಗಿಲೊಳಗೆ ಕೈ ಹಾಕಿದ. ಗಾಜಿನಾಚೆ ನಿಂತವರ ಮುಖ ನೋಡದೆ ತಲೆ ತಗ್ಗಿಸಿಯೇ ಒಂದೊಂದಾಗಿ ಬಿಗಿದ. ಅಳುತ್ತಲೇ ಬಿಗಿದ.

"ಸಾಕ್ರಿ. ಈಗ ಬಿಡ್ರಿ" ಎಂದ ಕೊನೆಗೆ.

ಅಜ್ಜ ಕೈ ತೆಗೆದರು. ಗಾಜು ಬೀಳಲಿಲ್ಲ.

ಹ್ಯಾಂಡಲ್ ತಿರುಗಿಸಿದ. ಅರ್ಧಕ್ಕೆ ಬಂತು. ಅರ್ಧ ದಾಟಿತು. ಎಲ್ಲೂ ತಡೆಯದೆ ಮೇಲಕ್ಕೆ ಹೋಗಿ, ಹೊಸ ರಬ್ಬರಿನ ಅಂಚಿಗೆ ಮೆತ್ತಗೆ ಕೂತುಕೊಂಡಿತು. ಇಳಿಸಿದ. ಇಳಿಯಿತು. ಮತ್ತೆ ಏರಿಸಿದ.

ದೂರದಲ್ಲಿ ನಿಂತು ನೋಡುತ್ತಿದ್ದ ಫಕೀರವ್ವ ಚಪ್ಪಾಳೆ ತಟ್ಟಲು ಕೈ ಎತ್ತಿದವಳು ಅವನ ಮುಖ ನೋಡಿ ಕೈ ಇಳಿಸಿದಳು.

ಸಂಗಮನಾಥ ಒಳಗೆ ಹತ್ತಿದ. ಮಗಳ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ.

ಹೊಳೆಯ ಸದ್ದು ನಿಂತಿತು. ಬೇವಿನ ಮರದ ಗಿಳಿಗಳ ಗಲಾಟೆ ನಿಂತಿತು. ಇಷ್ಟು ವರ್ಷ ತಂದೆ ಮಗಳು ಕೂಡಿ ಮಾಡಿದ ಕೆಲಸ ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಮುಗಿದಿತ್ತು.

ಅವನು ಕಾದ. ಏನಕ್ಕೆ ಕಾಯುತ್ತಿದ್ದಾನೆಂದು ಅವನಿಗೇ ಗೊತ್ತಿರಲಿಲ್ಲ. ಏನಾದರೂ ಆಗುತ್ತದೆ ಅಂದುಕೊಂಡಿದ್ದ. ಎದೆ ಹಗುರಾಗುತ್ತದೆ, ಅವಳು ಇಲ್ಲೇ ಎಲ್ಲೋ ಇದ್ದಾಳೆ ಅನಿಸುತ್ತದೆ, ಏನೋ ಒಂದು.

ರಬ್ಬರಿನ ವಾಸನೆ ಬಂತು. ಅಷ್ಟೇ.

ಆಗ ಅವನ ಎದೆಯೊಡೆಯಿತು. ಅವಳ ದೇಹ ಮನೆಗೆ ಬಂದ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಗಾಜಿಗೆ ಹಣೆ ಹಚ್ಚಿ ಕೂಗಿದ. "ಆಕಿ ಇಲ್ರೀ ಅಜ್ಜಾರ! ಇಲ್ಲೂ ಇಲ್ಲ, ಎಲ್ಲೂ ಇಲ್ಲ! ನಾ ಏನ್ ಮಾಡ್ಲಿ, ಹೇಳ್ರಿ!"

ಅವನ ಉಸಿರಿಗೆ ಗಾಜು ಮಸುಕಾಯಿತು. ಆಚೆ ಕಾವಿಯ ಬಣ್ಣವೊಂದೇ ಕಾಣುತ್ತಿತ್ತು. ಆ ಬಣ್ಣ ಹತ್ತಿರ ಬಂತು. ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದ ಸದ್ದು ಕೇಳಿಸಿತು.

ಅಜ್ಜ ಬಾಗಿ, ಗಾಜಿಗೆ ಬಾಯಿ ಹಚ್ಚಿ ಕೂಗಿದರು.

"ಗ್ಲಾಸ್ ಇಳಸೋ ತಮ್ಮಾ. ನೀ ಅಳೂದು ಕಾಣತೈತಿ, ಕೇಳಸವಲ್ದು."