ಬರಿಬಟ್ಟಲ ದಿಬ್ಬ

ಕೆರಿಬಿಯನ್ ದ್ವೀಪಸಾಲಿನ ಡೊಮಿನಿಕನ್ ದೇಶದ ಈಶಾನ್ಯ ಮೂಲೆಯಲ್ಲಿ, ಕಡಲಿಗೆ ಬೆನ್ನುಕೊಟ್ಟು ನಿಂತ ಬೆಟ್ಟಸಾಲಿನಲ್ಲಿ, ಒಂದು ಸಣ್ಣ ದಿಬ್ಬವಿದೆ. ನೆತ್ತಿಯಲ್ಲೊಂದು ಚಪ್ಪಟೆ ಬಂಡೆ, ಅದರ ಪಕ್ಕದಲ್ಲೊಂದು ಇಗ್ವೇರೊ ಮರ. ಈ ಮರದ ಕಾಯಿ ಉರುಟಾಗಿ, ಗಟ್ಟಿ ಚಿಪ್ಪಿನದು. ಹೋಳು ಮಾಡಿ ತಿರುಳು ಕೆರೆದು ಒಣಗಿಸಿದರೆ ಎರಡು ಬಟ್ಟಲಾಗುತ್ತವೆ. ಅಂಥ ಹತ್ತಾರು ಬಟ್ಟಲುಗಳನ್ನು ಮರದ ಕೊಂಬೆಗಳಿಗೆ ದಾರದಿಂದ ತೂಗುಹಾಕಿದ್ದಾರೆ. ಒಂದರಲ್ಲೂ ಏನೂ ಇಲ್ಲ. ಊರವರು ಇದನ್ನು ಬರಿಬಟ್ಟಲ ದಿಬ್ಬ ಎನ್ನುತ್ತಾರೆ. ಹೆಸರು ಕೇಳಿದ ಪರಸ್ಥಳದವರು, ಇಲ್ಲಿ ಯಾವುದೋ ಕಾಲದಲ್ಲಿ ಬರ ಬಿದ್ದು ಜನ ಹಸಿದು ಸತ್ತಿರಬೇಕೆಂದು ತಾವೇ ಊಹಿಸಿಕೊಂಡು ಮುಖ ಸಣ್ಣದು ಮಾಡುತ್ತಾರೆ. ಉಣ್ಣಲು ಇಲ್ಲಿ ಬೇಕಾದಷ್ಟಿತ್ತು. ಜೊತೆಗೆ ಕೂತು ಉಣ್ಣುವವರು ಇರಲಿಲ್ಲ, ಅಷ್ಟೆ.

ಹಿಂದೆ ಒಮ್ಮೆ, ಈ ಬಂಡೆಯ ಹಿಂದೆ ತಾಳೆಗರಿ ಹೊದಿಸಿದ ಒಂದೇ ಒಂದು ಗುಡಿಸಲಿತ್ತು. ಅದರಲ್ಲಿ ತೊಮಾಸಿನಾ ಎಂಬ ವಿಧವೆ ಒಬ್ಬಳೇ ಇದ್ದಳು. ಗಂಡ ತೀರಿಕೊಳ್ಳುವ ಮುನ್ನ ಅವಳಿಗೊಂದು ಬಟ್ಟಲು ಮಾಡಿ, ಚಾಕುವಿನ ತುದಿಯಿಂದ ಅದರ ಮೇಲೆ ಹುಂಜ ಕೆತ್ತಿಕೊಟ್ಟಿದ್ದ. ಹುಂಜ ನೋಡಲು ಕೊಕ್ಕರೆಯಂತಿತ್ತು. ಆದರೂ ಅದು ಅವಳ ಪ್ರಾಣ. ಬಳಗವೆಂದು ಇದ್ದವಳು ಕೆಳಗೆ ಹೊಳೆದಂಡೆಯ ಬಾಸಿಲಿಯಾ ಮಾತ್ರ. ಬಾಸಿಲಿಯಾಳ ಮಗಳನ್ನು, ಪಾದ್ರಿ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನದ ದಿನ, ತೊಮಾಸಿನಾ ಎತ್ತಿಕೊಂಡು ನಿಂತಿದ್ದಳು. ಹಾಗೆ ನಿಂತವಳು ಆ ಸೀಮೆಯಲ್ಲಿ ಮಗುವಿನ ತಾಯಿಗೆ ಕೊಮಾದ್ರೆ ಆಗುತ್ತಾಳೆ, ತಾಯಿಯೂ ಅವಳಿಗೆ ಕೊಮಾದ್ರೆ. ಒಡಹುಟ್ಟಿಗಿಂತ ಒಂದು ಕೈ ಮೇಲು. ಮಗಳು ಮದುವೆಯಾಗಿ ದೂರ ಹೋದ ಮೇಲೆ ಇವರಿಬ್ಬರೇ ಉಳಿದರು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಕೊನೆಯ ಗುರುವಾರ ಅಲ್ಲಿ ಮನೆಮನೆಯಲ್ಲೂ ಸಿಹಿಕಾಳು ಕುದಿಯುತ್ತದೆ. ರಾಜ್ಮಾದಂಥ ಕೆಂಪು ಕಾಳನ್ನು ಬೇಯಿಸಿ, ಅರೆದು, ಸೋಸಿ, ತೆಂಗಿನ ಹಾಲು, ಸಕ್ಕರೆ, ಗೆಣಸಿನ ಹೋಳು, ದಾಲ್ಚಿನ್ನಿ, ಲವಂಗ ಹಾಕಿ ತಿರುವುತ್ತಾ ಕೂರಬೇಕು. ನಮ್ಮ ಪಾಯಸಕ್ಕೆ ದೂರದ ನೆಂಟ ಎನ್ನಿ. ಇದನ್ನು ಒಬ್ಬರಿಗೆಂದು ಮಾಡುವ ಪದ್ಧತಿಯೇ ಇಲ್ಲ, ಮಾಡಿದರೆ ಹಂಡೆ ತುಂಬ. ನೆರೆಮನೆಗೆ ಬಟ್ಟಲು ತುಂಬಿ ಕೊಡಬೇಕು. ಪಡೆದವರು ಆ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದು.

ಒಂದು ಮಳೆಗಾಲದಲ್ಲಿ ಚಂಡಮಾರುತ ಬೀಸಿ ಹೊಳೆದಂಡೆಯ ತೆಂಗುಗಳನ್ನೆಲ್ಲ ಉರುಳಿಸಿತು. ಮುಂದಿನ ತಪಸ್ಸುಕಾಲಕ್ಕೆ ತೊಮಾಸಿನಾ ತನ್ನಲ್ಲಿದ್ದ ಕಡೆಯ ಎರಡು ಕಾಯಿ ಒಡೆದು ಸಿಹಿಕಾಳು ಮಾಡಿ, ಹುಂಜದ ಬಟ್ಟಲು ತುಂಬಿ ಕೊಟ್ಟುಬಂದಳು. ಪ್ರತಿವರ್ಷ ಮೂರು ದಿನದೊಳಗೆ ಬಾಸಿಲಿಯಾ ಅದೇ ಬಟ್ಟಲಲ್ಲಿ ಕೊಬ್ಬರಿ ಮಿಠಾಯಿ ತಂದು, ಬಂಡೆಯ ಮೇಲೆ ಕೂತು ಹೊತ್ತು ಇಳಿಯುವವರೆಗೂ ಹರಟುವಳು. ಆ ವರ್ಷ ವಾರ ಕಳೆಯಿತು, ತಿಂಗಳಾಯಿತು. ಬಟ್ಟಲೂ ಇಲ್ಲ, ಕೊಮಾದ್ರೆಯೂ ಇಲ್ಲ. ತೊಮಾಸಿನಾ ಕಾರಣ ಹುಡುಕುತ್ತಾ ಕೂತಳು. ಹುಡುಕುವವರಿಗೆ ಕಾರಣಕ್ಕೇನು ಬರ? ಕ್ರಿಸ್‌ಮಸ್ಸಿನಲ್ಲಿ ಬಾಸಿಲಿಯಾ ಕೊಟ್ಟ ಶುಂಠಿ ಕಷಾಯ ಕುಡಿದು, ಶುಂಠಿ ಇದರಲ್ಲಿ ಮುಖ ತೊಳೆದುಕೊಂಡು ಹೋಯಿತೇ ಎಂದು ತಾನು ಕುಟುಕಿದ್ದು ನೆನಪಾಯಿತು. ಆಗ ಬಾಸಿಲಿಯಾ ನಕ್ಕಿರಲಿಲ್ಲ. ಅದೇ ಇರಬೇಕು. ಇಳಿದುಹೋಗಿ ಕೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ತಾನೇ ಕೊಟ್ಟ ಬಟ್ಟಲನ್ನು ಕೇಳಲು ಹೋಗುವುದು ಅವಳ ಬಿಗುಮಾನಕ್ಕೆ ಒಗ್ಗಲಿಲ್ಲ.

ಹೀಗೇ ಏಳು ವರ್ಷ ಕಳೆದವು ಎನ್ನುತ್ತಾರೆ. ವರ್ಷಕ್ಕೊಮ್ಮೆ ಪಾದ್ರಿ ಬಂದು ಪೂಜೆ ಮಾಡುವಾಗ ಇಬ್ಬರೂ ಎದುರಾಗುತ್ತಿದ್ದರು; ಬಾಸಿಲಿಯಾ ತಲೆ ತಗ್ಗಿಸಿ ಸರಿದುಹೋಗುವಳು, ಇನ್ನೂ ಸಿಟ್ಟು ಇಳಿದಿಲ್ಲವೆಂದು ತೊಮಾಸಿನಾ ಮುಖ ತಿರುಗಿಸುವಳು. ಪ್ರತಿವರ್ಷ ಆ ಗುರುವಾರ, ತೆಂಗಿನ ಹಾಲಿಲ್ಲದಿದ್ದರೂ, ಹಂಡೆ ತುಂಬ ಸಿಹಿಕಾಳು ಮಾಡುವುದನ್ನು ಮಾತ್ರ ಅವಳು ಬಿಡಲಿಲ್ಲ. ಒಂದು ಮಣ್ಣಿನ ತಟ್ಟೆಯಷ್ಟು ತಿಂದು, ಉಳಿದದ್ದು ಹುಳಿಯಾಗುವುದನ್ನು ನೋಡುತ್ತಾ ಕೂರುವಳು. ಮಾತಾಡಲು ಯಾರೂ ಇಲ್ಲದೆ ಹಂಡೆಯ ಜೊತೆಗೇ ಮಾತಾಡುವುದನ್ನು ಕಲಿತಳು. ಬೆಳಿಗ್ಗೆ ಎದ್ದೊಡನೆ ಹೊಳೆದಂಡೆಯಲ್ಲಿ ಒಲೆಯ ಹೊಗೆ ಏಳುವುದನ್ನು ನೋಡಿದರೆ ಅವಳಿಗೆ ಅಷ್ಟರಮಟ್ಟಿಗೆ ಸಮಾಧಾನ.

ಏಳನೆಯ ವರ್ಷ, ಒಂದು ಬೆಳಿಗ್ಗೆ ಹೊಗೆ ಏಳಲಿಲ್ಲ. ಮರುದಿನವೂ ಏಳಲಿಲ್ಲ. ತೊಮಾಸಿನಾಳ ಬಿಗುಮಾನ ಅಲ್ಲಿಗೆ ಮುರಿಯಿತು; ಬಿದ್ದು ಎದ್ದು ಇಳಿದುಹೋದಳು. ಬಾಸಿಲಿಯಾ ಜ್ವರದಲ್ಲಿ ಚಾಪೆ ಹಿಡಿದಿದ್ದಳು. ಮನೆಯಲ್ಲಿ ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ. ಗೋಡೆಯ ಗೂಡಿನಲ್ಲಿ ಹುಂಜದ ಬಟ್ಟಲು ಮಾತ್ರ, ದಿನಾ ಒರೆಸಿ ಒರೆಸಿ ಕನ್ನಡಿಯಂತಾಗಿತ್ತು. ಬಾಗಿಲ ಮುಂದೆ ಆಳೆತ್ತರ ದಾಟಿದ ತೆಂಗಿನ ಮರವೊಂದು ಮೊದಲ ಬಾರಿಗೆ ಹೊಂಬಾಳೆ ಬಿಟ್ಟಿತ್ತು. ಚಂಡಮಾರುತದ ಮರುವರ್ಷ ಬಾಸಿಲಿಯಾ ನೆಟ್ಟ ಸಸಿ ಅದು.

“ಕಾಯಿ ಬಿಡಲಿ, ಮಿಠಾಯಿ ಮಾಡಿಕೊಂಡು ಬರೋಣ ಅಂತ ಕಾದೆ, ಕೊಮಾದ್ರೆ. ಬರಿಬಟ್ಟಲು ಹಿಡಿದು ಯಾವ ಮುಖದಲ್ಲಿ ಬರಲಿ? ತಡವಾದಷ್ಟೂ ಜಾಸ್ತಿ ತುಂಬಬೇಕು ಅನ್ನಿಸ್ತಿತ್ತು,” ಎಂದಳು ಬಾಸಿಲಿಯಾ.

ತೊಮಾಸಿನಾ ಅವಳ ಕೈ ಹಿಡಿದು ಕೂತಳು. ಆಮೇಲೆ ಅಂದಳು: “ಬರಿಬಟ್ಟಲು ತಂದಿದ್ದರೂ ನೀವು ಬಂದಿರ್ತಿದ್ದಿರಲ್ಲ, ಕೊಮಾದ್ರೆ.”

ಮೂರನೆಯ ದಿನ ಬಾಸಿಲಿಯಾ ತೀರಿಕೊಂಡಳು. ತೊಮಾಸಿನಾ ಬಟ್ಟಲನ್ನು ಮೇಲಕ್ಕೆ ತಂದು, ಹೊಳೆದಂಡೆಯ ಕಡೆಗಿನ ಕೊಂಬೆಗೆ ತೂಗುಹಾಕಿದಳು. ಮತ್ತೆಂದೂ ಅದರಲ್ಲಿ ಏನನ್ನೂ ತುಂಬಲಿಲ್ಲ.

ಸುತ್ತಲ ಊರುಗಳಲ್ಲಿ ಹಳೆಯ ಕಟ್ಟಳೆಯೇ ಇದೆ. ಈ ದಿಬ್ಬದ ಕೆಳಗೆ ಆಮೇಲೆ ಬೆಳೆದ ಊರಲ್ಲಿ ಮಾತ್ರ ಸಿಹಿಕಾಳಿನ ಬಟ್ಟಲನ್ನು ತೊಳೆದು ಬರಿದಾಗಿಯೇ ಹಿಂದಿರುಗಿಸುತ್ತಾರೆ. ಬೇರೆಯವರ ಕೈಲಿ ಕಳಿಸದೆ ತಾವೇ ಹೋಗಿ ಕೂತು ಮಾತಾಡಿ ಬರುತ್ತಾರೆ. ಮರೆತೋ ಮುನಿದೋ ತಡಮಾಡಿ, ಅಷ್ಟರಲ್ಲಿ ಬಟ್ಟಲಿನ ಒಡೆಯರು ಇಲ್ಲವಾದರೆ, ಅದನ್ನು ತಂದು ಈ ಮರಕ್ಕೆ ಕಟ್ಟುತ್ತಾರೆ. ಹೋದವರು ಈಗಲೂ ನೋಡಬಹುದು: ಕೆಳಗಿನ ಕೊಂಬೆಯಲ್ಲಿ, ಬಂಡೆಯ ಮೇಲೆ ಕೂತವರ ಕೈಗೆ ಎಟಕುವಷ್ಟೇ ಎತ್ತರದಲ್ಲಿ, ಕೊಕ್ಕರೆಯಂಥ ಹುಂಜದ ಬಟ್ಟಲಿದೆ. ಅದರ ಮೇಲಿನ ಕೊಂಬೆಗಳಲ್ಲಿ ಪ್ರತಿವರ್ಷ ಒಂದೆರಡು ಹೊಸ ಬಟ್ಟಲುಗಳು ಸೇರುತ್ತಲೇ ಇವೆ.